1 ಜಿಬಿ ಪೇಜ್ ಕೆಟ್ಟಾಗ ವಿಎಂ ಉಳಿಸಿಕೊಳ್ಳುವುದು ಹೇಗೆ

ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು 11 ವರ್ಷದಿಂದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಮನೆ ಸುಂಟಿಕೊಪ್ಪದ ಹತ್ತಿರ. ನಮ್ಮಲ್ಲಿರುವುದು ಒಂದೇ ಸರ್ವರ್. 16 ಜಿಬಿಯ 8 ಡಿಮ್ (ಮೆಮೊರಿ ಪಟ್ಟಿ) ಸೇರಿ 128 ಜಿಬಿ ಮೆಮೊರಿ. ಅದರ ಮೇಲೆ ಲಿನಕ್ಸ್ ಮತ್ತು ಕೆವಿಎಂ, ಅಂದರೆ ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರ್‌ಗಳನ್ನು ಓಡಿಸುವ ಏರ್ಪಾಡು. ಮೂರು ವಿಎಂಗಳು, ಅಂದರೆ ಅಂಥ ಒಳಗಿನ ಕಂಪ್ಯೂಟರ್‌ಗಳು, ಓಡುತ್ತವೆ. ಒಳಗಿನದಕ್ಕೆ ಗೆಸ್ಟ್, ಹೊರಗಿನ ಸರ್ವರಿಗೆ ಹೋಸ್ಟ್ ಅಂತಾರೆ. ಮೆಮೊರಿಯನ್ನು ಹಂಚುವ ತುಂಡಿಗೆ ಪೇಜ್ ಎಂದು ಹೆಸರು. ಆಗ ನಾನು ಮೂರಕ್ಕೂ 1 ಜಿಬಿಯ ಪೇಜ್‌ಗಳನ್ನು ಕೊಟ್ಟಿದ್ದೆ. 48 ಜಿಬಿಯದರಲ್ಲಿ ಲೆಕ್ಕದ ಡೇಟಾಬೇಸ್ ಇದೆ. 32 ಜಿಬಿಯದರಲ್ಲಿ ವೇಬ್ರಿಡ್ಜ್ ಮತ್ತು ಗೋಡೌನ್ ಲೆಕ್ಕ. 16 ಜಿಬಿಯದರಲ್ಲಿ ಕಚೇರಿಯ ಫೈಲುಗಳು.

ಜನವರಿಯ ಒಂದು ಬೆಳಿಗ್ಗೆ. ರೊಬಸ್ಟಾ ಕೊಯ್ಲು ಜೋರಾಗಿತ್ತು. ಗೇಟಿನ ಹೊರಗೆ ಸಿದ್ದಾಪುರ ಕಡೆಯಿಂದ, ಸೋಮವಾರಪೇಟೆ ಕಡೆಯಿಂದ ಬಂದ ಲಾರಿ, ಪಿಕಪ್‌ಗಳ ಸಾಲು. ಲೆಕ್ಕದ ಕೋಣೆಯ ಅಕ್ಕ ಫೋನ್ ಮಾಡಿದರು. "ಸ್ಕ್ರೀನ್ ಹಾಗೇ ನಿಂತುಬಿಟ್ಟಿದೆ, ಸ್ವಲ್ಪ ಬಂದು ನೋಡ್ತೀರಾ?"

ಹೋಗಿ ನೋಡಿದರೆ ಡೇಟಾಬೇಸ್ ಸತ್ತಿತ್ತು. ಮತ್ತೆ ಶುರು ಮಾಡಿದೆ. ನಾಲ್ಕೇ ನಿಮಿಷಕ್ಕೆ ಮತ್ತೆ ಸತ್ತಿತು. ಮೂರನೇ ಸಲಕ್ಕೆ ಗೆಸ್ಟ್ ಕರ್ನೆಲ್ಲೇ (ಲಿನಕ್ಸಿನ ತಿರುಳು) ಪ್ಯಾನಿಕ್ ಆಯಿತು, ಅಂದರೆ ಮುಂದೆ ಓಡಲಾರದೆ ನಿಂತಿತು. ರೀಬೂಟ್ ಕೊಟ್ಟೆ. ಎದ್ದು ಕೂತು, ಮತ್ತೆ ಬಿತ್ತು. ಕೊನೆಗೆ ವಿಎಂ ಪೂರ್ತಿ ನಿಲ್ಲಿಸಿ ಹೊಸದಾಗಿ ಶುರು ಮಾಡಲು ಹೋದೆ. ಮೆಮೊರಿ ಸಾಲದು ಎಂದು ಶುರುವೇ ಆಗಲಿಲ್ಲ. ಒಂದು ಗಂಟೆ 20 ನಿಮಿಷ ಹೀಗೇ ಹೋಯಿತು. ಅಷ್ಟೂ ಹೊತ್ತು ತೂಕದ ಮನೆಯ ಅಣ್ಣ ಒಂದೊಂದು ಗಾಡಿಯ ತೂಕವನ್ನೂ ಕೈಯಲ್ಲಿ ಚೀಟಿ ಬರೆದು ಕೊಡುತ್ತಿದ್ದರು. ಇಡೀ ವರ್ಷ ದುಡಿದ ಬೆಳೆಯನ್ನು ತಂದು ಬಿಸಿಲಲ್ಲಿ ಕಾಯುತ್ತಿದ್ದವರ ಮುಖ ನನಗೆ ಇನ್ನೂ ನೆನಪಿದೆ.

ಆ ದಿನ ನನಗೆ ಗೊತ್ತಿರಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆವಿಎಂ ಮೇಲೆ ಹ್ಯೂಜ್ ಪೇಜ್ (ಮಾಮೂಲಿ 4 ಕೆಬಿಗಿಂತ ದೊಡ್ಡ ಪೇಜ್) ಹಾಕಿ ವಿಎಂ ಓಡಿಸುವ ಯಾರಿಗಾದರೂ ಇದು ಬೇಕಾಗುತ್ತದೆ.

ಒಂದು ಮೂಟೆಗೆ ಬೂಷ್ಟು, ಇಡೀ ಗೋಡೌನಿಗೆ ಬೀಗ

ಸರ್ವರಿನ ಇಸಿಸಿ ಮೆಮೊರಿ ಸಾಮಾನ್ಯವಾಗಿ 64 ಬಿಟ್ ಡೇಟಾದ ಜೊತೆ 8 ಬಿಟ್ ಕಾವಲು ಇಟ್ಟುಕೊಂಡಿರುತ್ತದೆ. ಒಂದು ಬಿಟ್ ತಪ್ಪಿದರೆ ತಾನೇ ಸರಿಮಾಡುತ್ತದೆ. ಎರಡು ತಪ್ಪಿದರೆ ತಪ್ಪಾಗಿದೆ ಎಂದು ಹೇಳಬಲ್ಲದು, ಸರಿಮಾಡಲಾರದು. ಮೊದಲನೆಯದನ್ನು ಕರೆಕ್ಟೆಡ್ ಎರರ್ ಅಂತಾರೆ, ಎರಡನೆಯದನ್ನು ಅನ್‌ಕರೆಕ್ಟೆಡ್ ಎರರ್. ನಮಗೆ ಆ ದಿನ ಬಂದದ್ದು ಎರಡನೆಯದು.

ಅಂಥ ದೋಷ ಬಂದಾಗ ಪ್ರೊಸೆಸರ್ ಮೆಷಿನ್ ಚೆಕ್ ಎಂಬ ಎಚ್ಚರಿಕೆ ಕೊಡುತ್ತದೆ. ಲಿನಕ್ಸ್ ಕರ್ನೆಲ್ ಆ ಜಾಗಕ್ಕೆ 'ವಿಷ' ಎಂದು ಗುರುತು ಹಾಕಿ ಬೇರೆ ಮಾಡುತ್ತದೆ. ಎಚ್‌ಡಬ್ಲ್ಯೂಪಾಯ್ಸನ್ ಎನ್ನುವ ಈ ಏರ್ಪಾಡು 2009ರಲ್ಲಿ, 2.6.32 ಕರ್ನೆಲ್ಲಿನಲ್ಲಿ ಬಂತು. ಇದರಿಂದ ಇಡೀ ಯಂತ್ರ ಬೀಳುವುದು ತಪ್ಪುತ್ತದೆ. ಆ ಜಾಗ ಬಳಸುತ್ತಿದ್ದ ಪ್ರೋಗ್ರಾಮಿಗೆ ಮಾತ್ರ, ಈ ಮೆಮೊರಿ ಕೆಟ್ಟಿದೆ ಎನ್ನುವ ಸಿಗ್‌ಬಸ್ ಸಿಗ್ನಲ್ ಹೋಗುತ್ತದೆ. ಆದರೆ ಇದಕ್ಕೆ ಪ್ರೊಸೆಸರಿನ ಬೆಂಬಲವೂ ಬೇಕು. ಸಾಮಾನ್ಯ ಡೆಸ್ಕ್‌ಟಾಪ್ ಯಂತ್ರವನ್ನೇ ಸರ್ವರ್ ಮಾಡಿಕೊಂಡಿದ್ದರೆ ಹೋಸ್ಟೇ ಬೀಳುತ್ತದೆ ಎಂದು ತಿಳಿದು ಸಿದ್ಧರಾಗಿರಿ.

ಈಗ ಹ್ಯೂಜ್ ಪೇಜ್ ವಿಷಯ. ಇದನ್ನು ನಮ್ಮ ಗೋಡೌನ್ ಲೆಕ್ಕದಲ್ಲೇ ಹೇಳುತ್ತೇನೆ. 4 ಕೆಬಿ ಪೇಜ್ ಒಂದು ಮೂಟೆ ಅಂದುಕೊಳ್ಳಿ. 2 ಎಂಬಿ ಪೇಜ್ ಅಂದರೆ 512 ಮೂಟೆಯ ಒಂದು ಲಾಟ್. 1 ಜಿಬಿ ಪೇಜ್ ಅಂದರೆ ಅಂಥ 512 ಲಾಟ್ ತುಂಬಿದ ಗೋಡೌನ್. ಒಟ್ಟು 2,62,144 ಮೂಟೆ. ಒಂದು ಮೂಟೆಗೆ ಬೂಷ್ಟು ಹಿಡಿಯಿತು. ಹ್ಯೂಜ್‌ಟಿಎಲ್‌ಬಿಯಲ್ಲಿ (ಹ್ಯೂಜ್ ಪೇಜ್‌ಗಳನ್ನು ಮೊದಲೇ ತೆಗೆದಿಡುವ ಲಿನಕ್ಸ್ ಏರ್ಪಾಡು) ಇಡೀ ಗೋಡೌನಿಗೆ ಇರುವುದು ಒಂದೇ ಬಾಗಿಲು, ಒಂದೇ ಬೀಗ. ಕರ್ನೆಲ್ ಬೀಗ ಹಾಕಿತು ಅಂದರೆ ಉಳಿದ 2,62,143 ಒಳ್ಳೆಯ ಮೂಟೆಗಳೂ ಒಳಗೇ ಉಳಿದವು.

ಇದರ ಮೇಲೆ ಇನ್ನೊಂದು ತೊಂದರೆ. ಸಿಗ್‌ಬಸ್ ಬಂದದ್ದು ಹೋಸ್ಟ್ ಮೇಲೆ ವಿಎಂ ಓಡಿಸುವ ಕ್ಯೂಎಮು ಪ್ರೋಗ್ರಾಮಿಗೆ. ಸಿಗ್ನಲ್ ಜೊತೆ ಒಂದು ಅಂಕಿಯೂ ಬರುತ್ತದೆ. 12 ಇದ್ದರೆ ಹೋದದ್ದು 4 ಕೆಬಿ, 21 ಇದ್ದರೆ 2 ಎಂಬಿ, 30 ಇದ್ದರೆ 1 ಜಿಬಿ. ಕ್ಯೂಎಮು ಅದೇ ದೋಷವನ್ನು ಗೆಸ್ಟ್ ಒಳಗೆ ಒಂದು ಮೆಷಿನ್ ಚೆಕ್ ಮಾಡಿ ದಾಟಿಸುತ್ತದೆ. ಆದರೆ ದಾಟಿಸುವಾಗ ಹೇಳುವುದು 4 ಕೆಬಿಯ ಲೆಕ್ಕ ಮಾತ್ರ. ಗೆಸ್ಟ್ ಪಾಪ ಆ ಒಂದು ಮೂಟೆಯನ್ನು ಬೇರೆ ಇಟ್ಟು, ಅದನ್ನು ಹಿಡಿದಿದ್ದ ಪ್ರೋಗ್ರಾಮ್ ಕೊಂದು, ಮುಂದಕ್ಕೆ ಹೋಗುತ್ತದೆ. ಪಕ್ಕದ ಮೂಟೆಗೆ ಕೈ ಹಾಕಿದ ಕೂಡಲೇ ಇನ್ನೊಂದು ದೋಷ. ಮತ್ತೊಂದಕ್ಕೆ ಕೈ ಹಾಕಿದರೆ ಮತ್ತೊಂದು. ಒಂದಲ್ಲ ಒಂದು ಸಲ ಅದು ಗೆಸ್ಟ್ ಕರ್ನೆಲ್ಲಿನದೇ ಜಾಗಕ್ಕೆ ತಗಲುತ್ತದೆ. ಅಲ್ಲಿಗೆ ಪ್ಯಾನಿಕ್.

ನಾಲ್ಕು ನಿಮಿಷಕ್ಕೊಮ್ಮೆ ಡೇಟಾಬೇಸ್ ಸಾಯುತ್ತಿದ್ದದ್ದು ಯಾಕೆ ಎಂದು ಈಗ ಅರ್ಥವಾಯಿತು ಅಲ್ವಾ? ಕೆಟ್ಟದ್ದು ಒಂದೇ ಜಾಗ. ಬೀಗ ಬಿದ್ದದ್ದು 1 ಜಿಬಿಗೆ. ಅದರೊಳಗೆ ನಾನು ಮತ್ತೆ ಮತ್ತೆ ಡೇಟಾಬೇಸನ್ನು ಕಳಿಸುತ್ತಿದ್ದೆ.

ಆ ಹೊತ್ತಿನಲ್ಲಿ ಮಾಡಬೇಕಾದದ್ದು

ಮೊದಲು ಗೆಸ್ಟ್ ಬಿಟ್ಟು ಹೋಸ್ಟ್ ನೋಡಿ. ಗೆಸ್ಟ್ ಒಳಗೆ ಕೂತರೆ ಕಾಣುವುದು ಸತ್ತ ಪ್ರೋಗ್ರಾಮ್‌ಗಳು ಮಾತ್ರ. ಹೋಸ್ಟಿನ ಕರ್ನೆಲ್ ಲಾಗ್‌ನಲ್ಲಿ 'ಮೆಮೊರಿ ಫೇಲ್ಯೂರ್' ಎಂದು ಶುರುವಾಗುವ ಸಾಲು ಹುಡುಕಿ. ಅದರಲ್ಲಿ ಪೇಜ್ ನಂಬರ್ ಇರುತ್ತದೆ. ಸಿಗ್‌ಬಸ್ ಯಾವ ಪ್ರೋಗ್ರಾಮಿಗೆ ಹೋಯಿತು ಎಂದೂ ಇರುತ್ತದೆ. ಕ್ಯೂಎಮು ಹೆಸರು ಕಂಡರೆ ಇದು ನಿಮ್ಮ ವಿಎಂ ಕಥೆಯೇ.

ಅದರ ಕೆಳಗೆ 'ಹ್ಯೂಜ್ ಪೇಜ್: ರಿಕವರ್ಡ್' ಎಂಬ ಅರ್ಥದ ಸಾಲು ಕಾಣಬಹುದು. ಇದನ್ನು ಓದಿ ಸಮಾಧಾನಪಡಬೇಡಿ. ಹೋಸ್ಟ್ ಉಳಿಯಿತು ಎಂಬುದಷ್ಟೇ ಅದರ ಅರ್ಥ. ಗೆಸ್ಟಿನ 1 ಜಿಬಿ ವಾಪಸ್ ಬಂದಿಲ್ಲ. ಹಾಗೆಯೇ ಮೆಮೊರಿಯ ಲೆಕ್ಕ ತೋರಿಸುವ ಮೆಮ್‌ಇನ್ಫೋ ಫೈಲಿನಲ್ಲಿ 'ಹಾರ್ಡ್‌ವೇರ್ ಕರಪ್ಟೆಡ್' ಎಂಬ ಸಾಲು ಇದೆ. ಈಚಿನ ಕರ್ನೆಲ್‌ಗಳಲ್ಲಿ ಅದು ನಿಜವಾಗಿ ಕೆಟ್ಟ ಜಾಗವನ್ನಷ್ಟೇ ಎಣಿಸುತ್ತದೆ. ಹಾಗಾಗಿ 1 ಜಿಬಿ ಪೇಜ್ ಹೋದಾಗಲೂ ಅಲ್ಲಿ ಕಾಣುವುದು 4 ಕೆಬಿ. ನಾನು ಆ 4 ನೋಡಿ ಇದು ಸಣ್ಣ ವಿಷಯ ಅಂದುಕೊಂಡೆ. ಅರ್ಧ ಗಂಟೆ ಹೋದದ್ದು ಅಲ್ಲೇ.

ಲಾಗ್ ಸಾಲುಗಳನ್ನು ಕೂಡಲೇ ಬೇರೆ ಕಡೆ ಕಾಪಿ ಮಾಡಿಡಿ. ಹೋಸ್ಟ್ ರೀಬೂಟ್ ಆದರೆ ವಿಷದ ಗುರುತು ಕರ್ನೆಲ್‌ಗೆ ಮರೆತುಹೋಗುತ್ತದೆ. ಯಾವ ಡಿಮ್ ಎಂದು ಆಮೇಲೆ ಹುಡುಕಲು ನಿಮಗೆ ಉಳಿಯುವುದು ಈ ಸಾಲುಗಳೇ. ನಾನು ಫೋನಿನಲ್ಲಿ ಫೋಟೋ ಕೂಡ ತೆಗೆದೆ.

ಎರಡನೆಯದು, ಆ ವಿಎಂ ಅನ್ನು ಲೈವ್ ಮೈಗ್ರೇಶನ್ (ಓಡುತ್ತಿರುವಾಗಲೇ ಬೇರೆ ಹೋಸ್ಟಿಗೆ ಸಾಗಿಸುವುದು) ಮಾಡಲು ಹೋಗಬೇಡಿ. ಇನ್ನೊಂದು ಹೋಸ್ಟ್ ಇದ್ದವರಿಗೆ ಮೊದಲು ಹೊಳೆಯುವುದು ಇದೇ. ಆದರೆ ಮೈಗ್ರೇಶನ್ ಅಂದರೆ ಗೆಸ್ಟಿನ ಎಲ್ಲ ಪೇಜ್‌ಗಳನ್ನೂ ಕ್ಯೂಎಮು ತಾನೇ ಓದಬೇಕು. ವಿಷದ ಪೇಜ್ ಓದಿದರೆ ಕ್ಯೂಎಮುವೇ ಸತ್ತುಹೋಗುತ್ತದೆ. ಹೊಸ ಕ್ಯೂಎಮುಗಳು ಇಂಥ ವಿಎಂನ ಮೈಗ್ರೇಶನ್ ಅನ್ನು ಮೊದಲೇ ತಡೆಯುತ್ತವೆ. ಹಳೆಯವು ತಡೆಯುವುದಿಲ್ಲ. ಅದೇ ಹೋಸ್ಟಿನ ಬೇರೆ ವಿಎಂಗಳಿಗೆ ದೋಷ ತಗಲಿರದಿದ್ದರೆ ಅವನ್ನು ಮಾತ್ರ ಧಾರಾಳವಾಗಿ ಸಾಗಿಸಿ. ಅದು ಒಳ್ಳೆಯದೇ.

ಮೂರನೆಯದು, ಗೆಸ್ಟ್ ಒಳಗಿಂದ ರೀಬೂಟ್ ಮಾಡಿದರೆ ಸಾಲದು. ಗೆಸ್ಟ್ ರೀಬೂಟ್ ಆದರೂ ಹೊರಗಿನ ಕ್ಯೂಎಮು ಪ್ರೋಗ್ರಾಮ್ ಹಾಗೇ ಬದುಕಿರುತ್ತದೆ. ಅದರ ಕೈಯಲ್ಲಿ ಅದೇ ಬೀಗ ಬಿದ್ದ ಗೋಡೌನ್. ಹೊಸ ಕ್ಯೂಎಮುಗಳು ರೀಬೂಟ್ ಹೊತ್ತಿನಲ್ಲಿ ಕೆಟ್ಟ ಪೇಜ್ ಬಿಟ್ಟು ಬೇರೆ ತೆಗೆದುಕೊಳ್ಳಲು ನೋಡುತ್ತವೆ. ಹಳೆಯವಕ್ಕೆ ಹ್ಯೂಜ್ ಪೇಜ್ ಇದ್ದಾಗ ಇದು ಸರಿಯಾಗಿ ಆಗುವುದಿಲ್ಲ. ನಮ್ಮದು ಹಳೆಯದು. ಅದಕ್ಕೇ ಎದ್ದು ಮತ್ತೆ ಬಿತ್ತು. ನಿಮ್ಮದು ಯಾವ ಆವೃತ್ತಿಯೇ ಇರಲಿ, ವಿಎಂ ಪೂರ್ತಿ ಶಟ್‌ಡೌನ್ ಮಾಡಿ. ಕ್ಯೂಎಮು ಪ್ರೋಗ್ರಾಮ್ ಹೋಯಿತೇ ಎಂದು ಪಟ್ಟಿಯಲ್ಲಿ ನೋಡಿ. ಆಮೇಲೆ ಹೊಸದಾಗಿ ಶುರು ಮಾಡಿ.

ಶಟ್‌ಡೌನ್ ಮಾಡುವ ಮೊದಲು, ಗೆಸ್ಟ್ ಇನ್ನೂ ಉಸಿರಾಡುತ್ತಿದ್ದರೆ, ಡೇಟಾಬೇಸನ್ನು ಶಿಸ್ತಾಗಿ ನಿಲ್ಲಿಸಲು ಒಂದೇ ಒಂದು ಸಲ ನೋಡಿ. ಆಗದಿದ್ದರೆ ಬಿಟ್ಟುಬಿಡಿ. ಆ ಸ್ಥಿತಿಯಲ್ಲಿ ಬ್ಯಾಕಪ್ ತೆಗೆಯಲು ಕೂರುವುದು ತಪ್ಪು. ಬ್ಯಾಕಪ್ ಅಂದರೆ ಮೆಮೊರಿಯ ಮೂಲೆ ಮೂಲೆಗೂ ಕೈ ಹಾಕುವ ಕೆಲಸ.

ನಾಲ್ಕನೆಯದು ನನ್ನನ್ನು ಜಾಸ್ತಿ ಸತಾಯಿಸಿದ್ದು. ವಿಎಂ ನಿಲ್ಲಿಸಿದೆ, ಶುರು ಮಾಡಿದೆ, ಮೆಮೊರಿ ಇಲ್ಲ ಎಂದಿತು. ಮೂರು ವಿಎಂಗೆ ಸೇರಿ 48, 32, 16, ಒಟ್ಟು 96 ಪೇಜ್ ಬೇಕು. ನಾನು ಬೂಟ್ ಹೊತ್ತಿಗೆ ತೆಗೆದಿಟ್ಟದ್ದೂ ಸರಿಯಾಗಿ 96. ಒಂದು ಪೇಜ್ ಕೆಟ್ಟಿತು, ಅದು ಮತ್ತೆ ಯಾರ ಕೈಗೂ ಸಿಗುವುದಿಲ್ಲ. ಉಳಿದದ್ದು 95. 48 ಬೇಕಾದಲ್ಲಿ 47 ಮಾತ್ರ ಖಾಲಿ. 1 ಜಿಬಿಯಷ್ಟು ಒಟ್ಟಾಗಿರುವ ಖಾಲಿ ಜಾಗ ಓಡುತ್ತಿರುವ ಯಂತ್ರದಲ್ಲಿ ಸಿಗುವುದು ಬಹಳ ಕಷ್ಟ. ಹಾಗಾಗಿ ಹೊಸದೊಂದು ಪೇಜ್ ಹುಟ್ಟಿಸಲೂ ಆಗಲಿಲ್ಲ.

ದಾರಿ ಸುಲಭವಿತ್ತು. ವಿಎಂಗಳನ್ನು ನೋಡಿಕೊಳ್ಳುವ ಲಿಬ್‌ವರ್ಟ್‌ನ ಸೆಟ್ಟಿಂಗ್‌ನಲ್ಲಿ ಆ ವಿಎಂ ಮೆಮೊರಿಯನ್ನು 48ರಿಂದ 40ಕ್ಕೆ ಇಳಿಸಿದೆ. ಕೂಡಲೇ ಎದ್ದಿತು. ಡೇಟಾಬೇಸಿಗೆ ಮೀಸಲಿಟ್ಟ ಬಫರ್ ಕೂಡ ಸ್ವಲ್ಪ ಇಳಿಸಬೇಕಾಯಿತು. ಮೆಮ್‌ಇನ್ಫೋದಲ್ಲಿ ಹ್ಯೂಜ್ ಪೇಜ್ ಒಟ್ಟು ಎಷ್ಟು, ಖಾಲಿ ಎಷ್ಟು, ಕಾದಿರಿಸಿದ್ದು ಎಷ್ಟು ಎಂಬ ಸಾಲುಗಳಿವೆ. ವಿಎಂ ಶುರು ಮಾಡುವ ಮೊದಲು ಅವನ್ನು ನೋಡಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಎರಡು ಪ್ರೊಸೆಸರ್ ಇರುವ ಸರ್ವರ್ ಆದರೆ ಈ ಲೆಕ್ಕವನ್ನು ಒಂದೊಂದು ನ್ಯೂಮಾ ನೋಡ್‌ಗೂ (ಒಂದು ಪ್ರೊಸೆಸರ್ ಮತ್ತು ಅದರ ಪಕ್ಕದ ಮೆಮೊರಿ) ಬೇರೆ ಬೇರೆ ನೋಡಿ. ಒಟ್ಟಿನಲ್ಲಿ ಪೇಜ್ ಇದ್ದರೂ ವಿಎಂ ಕಟ್ಟಿಹಾಕಿದ ನೋಡ್‌ನಲ್ಲಿ ಇಲ್ಲದಿರಬಹುದು.

ಡೇಟಾ ಏನಾಯಿತು ಎಂದು ನೋಡುವುದು

ವಿಎಂ ಎದ್ದ ಕೂಡಲೇ ಜನರನ್ನು ಒಳಗೆ ಬಿಡಬೇಡಿ. ಎಷ್ಟೇ ಒತ್ತಡ ಇದ್ದರೂ ಬೇಡ.

ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್ ಪ್ರತಿ ವ್ಯವಹಾರವನ್ನೂ ಮೊದಲು ಡಿಸ್ಕಿನ ಲಾಗ್‌ಗೆ ಬರೆದು ಆಮೇಲೆ 'ಆಯಿತು' ಎನ್ನುತ್ತದೆ. ಸಾಮಾನ್ಯ ಸೆಟ್ಟಿಂಗ್ ಹಾಗೆಯೇ ಇರುವುದು. ಆದ್ದರಿಂದ 'ಆಯಿತು' ಎಂದದ್ದು ಉಳಿದಿರುತ್ತದೆ. ನಮ್ಮದೂ ಉಳಿದಿತ್ತು. ಅರ್ಧದಲ್ಲಿ ಇದ್ದದ್ದು ಹೋಗಿತ್ತು.

ಚಿಂತೆ ಇರುವುದು ಸಾಮಾನ್ಯ ಫೈಲುಗಳದ್ದು. ಯಾರೋ ಒಂದು ಎಕ್ಸೆಲ್ ಶೀಟ್ ಉಳಿಸಿದರು ಅಂದುಕೊಳ್ಳಿ. ಅದು ಡಿಸ್ಕಿಗೆ ಹೋಗುವ ಮೊದಲು ಗೆಸ್ಟಿನ ಮೆಮೊರಿಯಲ್ಲೇ ಕಾಯುತ್ತಿತ್ತು. ಅದೇ ಪೇಜ್ ಕೆಟ್ಟರೆ ಹೊಸ ಬರಹ ಹೋಯಿತು, ಡಿಸ್ಕಿನಲ್ಲಿ ಹಳೆಯದೇ ಉಳಿಯಿತು. ಗೆಸ್ಟ್ ಕರ್ನೆಲ್ ಲಾಗ್‌ನಲ್ಲಿ 'ಡರ್ಟಿ' ಎಂಬ ಪದ ಇರುವ ಮೆಮೊರಿ ಫೇಲ್ಯೂರ್ ಸಾಲು ಇದ್ದರೆ ಇದೇ ಆಗಿದೆ ಎಂದು ಅರ್ಥ. ಆ ಹೊತ್ತಿನಲ್ಲಿ ಬದಲಾದ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಲೇಬೇಕು.

ನಾವು ಇನ್ನೊಂದು ಕೆಲಸ ಮಾಡಿದೆವು. ತೂಕದ ಮನೆಯ ಅಣ್ಣ, ಲೆಕ್ಕದ ಅಕ್ಕ, ನಾನು ಮೂವರೂ ಕೂತು ಆ ಬೆಳಿಗ್ಗೆಯ ಚೀಟಿಗಳನ್ನು ಕಂಪ್ಯೂಟರಿನ ಸಾಲುಗಳ ಜೊತೆ ತಾಳೆ ಹಾಕಿದೆವು. ದೋಷ ಬರುವ ಮೊದಲಿನ ಅರ್ಧ ಗಂಟೆಯದ್ದನ್ನೂ ಬಿಡಲಿಲ್ಲ. ಎರಡು ಚೀಟಿಗಳು ಕಂಪ್ಯೂಟರಿನಲ್ಲಿ ಇರಲಿಲ್ಲ. ಅದರಲ್ಲಿ ಒಂದು 18 ಮೂಟೆ ಚೆರಿ ತಂದಿದ್ದ ಸಣ್ಣ ಬೆಳೆಗಾರರದ್ದು. ಅವರಿಗೆ ಔಟ್‌ಟರ್ನ್ (ಚೆರಿಯಿಂದ ಸಿಗುವ ಕಾಫಿ ಬೀಜದ ಪ್ರಮಾಣ), ದುಡ್ಡು ಎಲ್ಲವೂ ಆ ಸಾಲಿನಿಂದಲೇ ಬರಬೇಕು. ದಯವಿಟ್ಟು ಈ ತಾಳೆ ಹಾಕುವ ಕೆಲಸವನ್ನು ನಾಳೆಗೆ ಇಡಬೇಡಿ.

ದೋಷ ಮೊದಲೇ ಹೇಳಿ ಬರುತ್ತದೆ

ಸಂಜೆ ಕೂತು ಹೋಸ್ಟಿನ ಹಳೆಯ ಲಾಗ್ ತಿರುವಿದೆ. ಅದೇ ಡಿಮ್ ಮೇಲೆ ಮೊದಲ ಕರೆಕ್ಟೆಡ್ ಎರರ್ ಬಂದದ್ದು ಕೊಡವರ ಕೈಲ್ ಪೊಳ್ದ್ ಹಬ್ಬದ ವಾರ. ಅಂದರೆ ಸೆಪ್ಟೆಂಬರ್. ನವೆಂಬರ್–ಡಿಸೆಂಬರ್‌ನ ಪುತ್ತರಿ ಹಬ್ಬದ ಹೊತ್ತಿಗೆ ದಿನಕ್ಕೆ ಹತ್ತಾರು. ಜನವರಿಯಲ್ಲಿ ಸರಿಮಾಡಲಾಗದ ಪೆಟ್ಟು. ನಾಲ್ಕು ತಿಂಗಳು ಅದು ಕೂಗುತ್ತಿತ್ತು, ಕೇಳಲು ಯಾರನ್ನೂ ಇಟ್ಟಿರಲಿಲ್ಲ.

ಮೆಮೊರಿ ದೋಷ ಅಪರೂಪ ಎಂಬ ನಂಬಿಕೆ ಬೇಡ. ಗೂಗಲ್ ತನ್ನ ಸರ್ವರುಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ 8%ಗೂ ಜಾಸ್ತಿ ಡಿಮ್‌ಗಳಲ್ಲಿ ಕರೆಕ್ಟೆಡ್ ಎರರ್ ಕಂಡಿತ್ತು. ಕರೆಕ್ಟೆಡ್ ಎರರ್ ಬಂದ ಡಿಮ್‌ಗೆ ಮುಂದೆ ದೊಡ್ಡ ದೋಷ ಬರುವ ಸಾಧ್ಯತೆ ಜಾಸ್ತಿ ಎಂದೂ ಅದರಲ್ಲಿ ಗೊತ್ತಾಯಿತು.

ಆದ್ದರಿಂದ ಹೋಸ್ಟ್ ಮೇಲೆ ರಾಸ್‌ಡೀಮನ್ ಹಾಕಿ. ಇದು ಉಚಿತ. ಹೆಚ್ಚಿನ ದೊಡ್ಡ ಲಿನಕ್ಸ್ ವಿತರಣೆಗಳಲ್ಲಿ ಸಿಗುತ್ತದೆ. ಹಾಕಿದರೆ ಸಾಲದು, ಬೂಟ್ ಆದಾಗ ತಾನೇ ಶುರುವಾಗುವಂತೆ ಮಾಡಿ. ಇದು ದೋಷಗಳನ್ನು ಒಂದು ಸಣ್ಣ ಡೇಟಾಬೇಸಿಗೆ ಬರೆದಿಡುತ್ತದೆ. ಇದರ ಜೊತೆ ಬರುವ ರಾಸ್-ಎಂಸಿ-ಸಿಟಿಎಲ್ ಎಂಬ ಕಮಾಂಡಿಗೆ 'ಸಮರಿ' ಎಂದು ಕೇಳಿದರೆ ಯಾವ ಡಿಮ್ ಮೇಲೆ ಎಷ್ಟು ಎಂದು ಹೇಳುತ್ತದೆ. ನಾನು ಪ್ರತಿದಿನ ಬೆಳಿಗ್ಗೆ 7 ಗಂಟೆಗೆ ಈ ಎಣಿಕೆ ನನ್ನ ಫೋನಿಗೆ ಬರುವಂತೆ ಮಾಡಿಕೊಂಡಿದ್ದೇನೆ. ಸೊನ್ನೆ ಇದ್ದರೂ ಬರುತ್ತದೆ. ಸಂದೇಶವೇ ಬರದ ದಿನ ಹೋಗಿ ನೋಡುತ್ತೇನೆ.

ರಾಸ್‌ಡೀಮನ್ ಇನ್ನೊಂದು ಕೆಲಸ ಮಾಡಬಲ್ಲದು. ಒಂದೇ ಪೇಜ್ ಮೇಲೆ ಕರೆಕ್ಟೆಡ್ ಎರರ್ ಮಿತಿ ಮೀರಿದರೆ, ಅದರಲ್ಲಿರುವ ಡೇಟಾವನ್ನು ಬೇರೆ ಕಡೆ ಸಾಗಿಸಿ ಆ ಪೇಜ್ ಅನ್ನು ಬದಿಗಿಡುವಂತೆ ಕರ್ನೆಲ್‌ಗೆ ಹೇಳುತ್ತದೆ. ಇದಕ್ಕೆ ಸಾಫ್ಟ್ ಆಫ್‌ಲೈನ್ ಎನ್ನುತ್ತಾರೆ. ನಮ್ಮ ಸೆಟ್ಟಿಂಗ್ ಫೈಲಿನಲ್ಲಿ ಮೊದಲಿಂದಲೇ ಇದ್ದದ್ದು 24 ಗಂಟೆಗೆ 50 ದೋಷ. ಯಾರೂ ಸಾಯುವುದಿಲ್ಲ, ಯಾವ ಡೇಟಾವೂ ಹೋಗುವುದಿಲ್ಲ. ಬಹಳ ಒಳ್ಳೆಯ ಏರ್ಪಾಡು.

ಆದರೆ ಹ್ಯೂಜ್ ಪೇಜ್ ಇದ್ದಲ್ಲಿ ಇದಕ್ಕೂ ಬೆಲೆ ಇದೆ. 1 ಜಿಬಿ ಪೇಜಿನ ಒಂದು ಮೂಲೆಯಲ್ಲಿ ಕರೆಕ್ಟೆಡ್ ಎರರ್ ಬಂದರೂ ಸಾಗಿಸಬೇಕಾದದ್ದು ಇಡೀ 1 ಜಿಬಿ. ಸಾಗಿಸಲು ಇನ್ನೊಂದು ಖಾಲಿ 1 ಜಿಬಿ ಪೇಜ್ ಬೇಕು. ಇಲ್ಲದಿದ್ದರೆ ಕೆಲಸ ಆಗುವುದಿಲ್ಲ. ಇದ್ದರೆ, ಸಾಗಿಸಿದ ಮೇಲೆ ಹಳೆಯ ಪೇಜ್ ಒಡೆದು ಹೋಗುತ್ತದೆ, ನಿಮ್ಮ ಎಣಿಕೆಯಲ್ಲಿ ಒಂದು ಕಮ್ಮಿ. ಈ ಕಾರಣಕ್ಕೇ ಈಚಿನ ಕರ್ನೆಲ್‌ಗಳಲ್ಲಿ ಸಾಫ್ಟ್ ಆಫ್‌ಲೈನ್ ಬೇಡ ಎಂದು ಆಫ್ ಮಾಡಿಡುವ ಸ್ವಿಚ್ ಕೊಟ್ಟಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ಆಫ್ ಮಾಡಬೇಡಿ. ಬದಲಿಗೆ ಕೆಲವು ಪೇಜ್ ಜಾಸ್ತಿ ಇಟ್ಟುಕೊಳ್ಳಿ. ಪಿಸಿಐ ಕಾರ್ಡನ್ನು ನೇರವಾಗಿ ವಿಎಂಗೆ ಕೊಟ್ಟಿದ್ದರೆ ಮಾತ್ರ ಈ ದಾರಿ ಮುಚ್ಚಿದಂತೆಯೇ. ಆಗ ಗೆಸ್ಟಿನ ಮೆಮೊರಿಗೆ ಮೊಳೆ ಹೊಡೆದಂತೆ ಆಗಿರುತ್ತದೆ, ಕರ್ನೆಲ್ ಅದನ್ನು ಸರಿಸಲಾರದು.

ಹೋಸ್ಟಿನಲ್ಲಿ ಇನ್ನೆರಡು ನೋಡಿಕೊಳ್ಳಿ. 'ಮೆಮೊರಿ ಫೇಲ್ಯೂರ್ ರಿಕವರಿ' ಎಂಬ ಕರ್ನೆಲ್ ಸೆಟ್ಟಿಂಗ್ 1 ಇರಬೇಕು. 0 ಇದ್ದರೆ ಕರ್ನೆಲ್ ಚೇತರಿಸಿಕೊಳ್ಳಲು ನೋಡದೆ ಪ್ಯಾನಿಕ್ ಆಗುತ್ತದೆ. ಬಯಾಸ್‌ನಲ್ಲಿ ಪ್ಯಾಟ್ರೋಲ್ ಸ್ಕ್ರಬ್ ಆನ್ ಇರಲಿ. ಅದು ರಾತ್ರಿ ಕಾವಲುಗಾರನ ಹಾಗೆ ಮೆಮೊರಿ ಸುತ್ತುತ್ತಾ ಇರುತ್ತದೆ. ಯಾರೂ ಮುಟ್ಟುವ ಮೊದಲೇ ದೋಷ ಕಂಡುಹಿಡಿದರೆ ಕೆಲಸದ ಮಧ್ಯೆ ಪೆಟ್ಟು ಬೀಳುವುದು ಕಮ್ಮಿಯಾಗುತ್ತದೆ.

ಯಾವ ವಿಎಂಗೆ ಎಷ್ಟು ದೊಡ್ಡ ಪೇಜ್

ಪೇಜ್ ದೊಡ್ಡದಾದರೆ ವೇಗ ಸಿಗುವುದು ನಿಜ. ವಿಎಂ ಒಳಗೆ ಒಂದು ವಿಳಾಸ ಹುಡುಕಲು ಗೆಸ್ಟಿನ ನಾಲ್ಕು ಮೆಟ್ಟಿಲು, ಒಂದೊಂದು ಮೆಟ್ಟಿಲಿಗೂ ಹೋಸ್ಟಿನ ನಾಲ್ಕು ಮೆಟ್ಟಿಲು, ಕೊನೆಗೆ ಸಿಕ್ಕ ವಿಳಾಸಕ್ಕೆ ಮತ್ತೆ ನಾಲ್ಕು ಹತ್ತಬೇಕು. ಸಣ್ಣ ಪೇಜ್ ಆದರೆ 24 ಸಲ ಮೆಮೊರಿ ಓದಬೇಕಾಗಬಹುದು. ಪೇಜ್ ದೊಡ್ಡದಾದಷ್ಟೂ ಮೆಟ್ಟಿಲು ಕಮ್ಮಿ.

ಆದರೆ ನಮಗೆ ಎಷ್ಟು ಸಿಕ್ಕಿತು? ಸುಮ್ನೆ ನಂಬುವ ಬದಲು ಅಳೆದು ನೋಡಿದೆ. ತಿಂಗಳ ಕೊನೆಯ ಲೆಕ್ಕ ಓಡಿಸಲು 4 ಕೆಬಿ ಪೇಜಿನಲ್ಲಿ 14 ನಿಮಿಷ. 2 ಎಂಬಿಯಲ್ಲಿ 11 ನಿಮಿಷ. 1 ಜಿಬಿಯಲ್ಲೂ 11 ನಿಮಿಷ. ಕೈಗಡಿಯಾರ ಹಿಡಿದು ಅಳೆದರೆ ಕಾಣದಷ್ಟು ಲಾಭಕ್ಕಾಗಿ ನಾನು ನಷ್ಟದ ಅಳತೆಯನ್ನು 512 ಪಟ್ಟು ಮಾಡಿಕೊಂಡಿದ್ದೆ. ನಿಮ್ಮ ಕೆಲಸದ ಅಳತೆ ಬೇರೆ ಬರಬಹುದು. ನೂರಾರು ಜಿಬಿಯ ಒಂದೇ ವಿಎಂ ಇದ್ದರೆ, ಇಲ್ಲವೇ ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಭಾರೀ ವೇಗದಲ್ಲಿ ಓಡಿಸುವ ಕೆಲಸವಿದ್ದರೆ 1 ಜಿಬಿ ಪೇಜಿಗೆ ಅರ್ಥವಿದೆ. ಅಳೆದ ಮೇಲೆ ಹಾಕಿ.

ಈಗ ನಮ್ಮ ಡೇಟಾಬೇಸ್ ವಿಎಂ 2 ಎಂಬಿ ಹ್ಯೂಜ್‌ಟಿಎಲ್‌ಬಿ ಪೇಜ್ ಮೇಲಿದೆ. ಒಂದು ಕೆಟ್ಟರೆ 2 ಎಂಬಿ ಹೋಗುತ್ತದೆ. ಗೆಸ್ಟ್ ಕರ್ನೆಲ್ಲಿನದೇ ಜಾಗ ಅದರೊಳಗೆ ಸಿಕ್ಕಿಬೀಳುವ ಸಾಧ್ಯತೆ ಬಹಳ ಕಮ್ಮಿಯಾಯಿತು. ಬೇಕಾದದ್ದಕ್ಕಿಂತ 256 ಪೇಜ್ ಜಾಸ್ತಿ ಇಟ್ಟಿದ್ದೇನೆ, ಅಂದರೆ 512 ಎಂಬಿ. ಅಷ್ಟು ಮೆಮೊರಿ ಖಾಲಿ ಕೂತಿದೆ ಎಂದು ಯಾರಾದರೂ ಕೇಳಿದರೆ ಜನವರಿಯ ಲಾರಿ ಸಾಲು ನೆನಪಿಸುತ್ತೇನೆ.

ವೇಬ್ರಿಡ್ಜ್ ಮತ್ತು ಫೈಲ್ ವಿಎಂಗಳನ್ನು ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್‌ಗೆ ಬಿಟ್ಟಿದ್ದೇನೆ. ಇದರಲ್ಲಿ ಕರ್ನೆಲ್ ತಾನೇ ಸಣ್ಣ ಪೇಜ್‌ಗಳನ್ನು ಕೂಡಿಸಿ 2 ಎಂಬಿ ಮಾಡುತ್ತದೆ. ದೋಷ ಬಂದಾಗ ಅದನ್ನು ಮತ್ತೆ ಒಡೆದು, ಕೆಟ್ಟ 4 ಕೆಬಿಯನ್ನಷ್ಟೇ ಬೇರೆ ಮಾಡಲು ನೋಡುತ್ತದೆ. ಸಾಮಾನ್ಯವಾಗಿ ಆಗುತ್ತದೆ. ಮೊಳೆ ಹೊಡೆದ ಮೆಮೊರಿ ಆದರೆ ಒಡೆಯಲು ಆಗದು. ಎದ್ದು ನಿಂತಿರಲೇಬೇಕಾದ ಸಣ್ಣ ವಿಎಂಗಳಿಗೆ ನನ್ನ ಆಯ್ಕೆ ಇದೇ.

ಮೆಮೊರಿ ಮಿರರಿಂಗ್ ಎಂಬ ಬಯಾಸ್ ಆಯ್ಕೆಯೂ ಕೆಲವು ಸರ್ವರುಗಳಲ್ಲಿದೆ. ಎಲ್ಲವನ್ನೂ ಎರಡು ಕಡೆ ಬರೆಯುತ್ತದೆ. 128 ಜಿಬಿ ಇದ್ದಲ್ಲಿ 64 ಮಾತ್ರ ಸಿಗುತ್ತದೆ. ನಮಗೆ ಕೈಗೆಟುಕುವುದಿಲ್ಲ.

ಮಳೆಗಾಲದಲ್ಲಿ ಒಂದು ಭಾನುವಾರ

ಕ್ಯೂರಿಂಗ್ ಕೆಲಸ ಕಮ್ಮಿ ಇರುವ ಜುಲೈನಲ್ಲಿ ನಾವು ಇಂಥ ದೋಷವನ್ನು ಬೇಕೆಂದೇ ಮಾಡಿ ನೋಡುತ್ತೇವೆ. ಮೂರೂ ವಿಎಂಗಳನ್ನು ನಿಲ್ಲಿಸಿ, 2 ಜಿಬಿಯ ಒಂದು ಪರೀಕ್ಷೆ ವಿಎಂ ಅನ್ನು 2 ಎಂಬಿ ಪೇಜ್ ಮೇಲೆ ಎಬ್ಬಿಸುತ್ತೇನೆ. ಅದರೊಳಗೆ ಒಂದು ಪ್ರೋಗ್ರಾಮ್ ಸುಮ್ನೆ ಮೆಮೊರಿ ಹಿಡಿದು ಕೂತಿರುತ್ತದೆ. ಅದರ ಗೆಸ್ಟ್ ವಿಳಾಸವನ್ನು ಪೇಜ್‌ಮ್ಯಾಪ್‌ನಿಂದ ತೆಗೆಯಬಹುದು. ಕ್ಯೂಎಮು ಮಾನಿಟರಿನಲ್ಲಿ (ಕ್ಯೂಎಮುಗೆ ಕಮಾಂಡ್ ಕೊಡುವ ಜಾಗ) ಗೆಸ್ಟ್ ವಿಳಾಸ ಕೊಟ್ಟರೆ ಹೋಸ್ಟಿನ ನಿಜವಾದ ವಿಳಾಸ ಹೇಳುವ ಕಮಾಂಡ್ ಇದೆ, ಜಿಪಿಎ-ಟು-ಎಚ್‌ಪಿಎ ಎಂದು. ಬಂದ ವಿಳಾಸವನ್ನು 4096ರಿಂದ ಭಾಗಿಸಿದರೆ ಪೇಜ್ ನಂಬರ್. ಎಚ್‌ಡಬ್ಲ್ಯೂಪಾಯ್ಸನ್ ಇಂಜೆಕ್ಟ್ ಎಂಬ ಕರ್ನೆಲ್ ಮಾಡ್ಯೂಲ್ ಹಾಕಿ, ಡಿಬಗ್ ಫೈಲ್‌ಸಿಸ್ಟಮ್‌ನಲ್ಲಿ ಅದು ತೆರೆಯುವ 'ಕರಪ್ಟ್ ಪಿಎಫ್ಎನ್' ಫೈಲಿಗೆ ಆ ನಂಬರ್ ಬರೆಯುತ್ತೇನೆ. ಬರೆದ ಕ್ಷಣವೇ ಕರ್ನೆಲ್ ಅದನ್ನು ಕೆಟ್ಟದ್ದು ಎಂದು ನಡೆಸಿಕೊಳ್ಳುತ್ತದೆ. ಹಾರ್ಡ್‌ವೇರ್‌ಗೆ ಏನೂ ಆಗುವುದಿಲ್ಲ.

ನಂಬರ್ ತಪ್ಪಿ ಹೋಸ್ಟಿನದೇ ಜಾಗಕ್ಕೆ ಬಿದ್ದರೆ ಹೋಸ್ಟ್ ಬೀಳಬಹುದು. ಆದ್ದರಿಂದ ಕೆಲಸದ ವಿಎಂಗಳು ಓಡುತ್ತಿರುವಾಗ ಇದನ್ನು ಮಾಡಲೇಬೇಡಿ. ಮುಗಿದ ಮೇಲೆ ವಿಷದ ಗುರುತು ತೆಗೆಯುವ ಫೈಲೂ ಇದೆ, ಆದರೆ ನಾನು ಅದನ್ನು ನೆಚ್ಚುವುದಿಲ್ಲ. ಹೋಸ್ಟನ್ನೇ ರೀಬೂಟ್ ಮಾಡುತ್ತೇನೆ.

ಮೊದಲ ಸಲ ಈ ಪರೀಕ್ಷೆ ಮಾಡಿದಾಗ ತೂಕದ ಮನೆಯ ಅಣ್ಣನನ್ನೂ ಕೂರಿಸಿಕೊಂಡೆ. ಲಾಗ್ ಸಾಲು ಹೇಗೆ ಕಾಣುತ್ತದೆ, ಯಾವ ಬಟನ್ ಒತ್ತಬಾರದು ಎಂದು ತೋರಿಸಿದೆ. ನಾನು ರಜೆಯಲ್ಲಿದ್ದಾಗ ಅವರೇ ವಿಎಂ ಪೂರ್ತಿ ನಿಲ್ಲಿಸಿ ಶುರು ಮಾಡಬಲ್ಲರು. ಈಗ ಹಂತಗಳನ್ನು ಕನ್ನಡದಲ್ಲಿ ಬರೆದು ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಿದ್ದೇವೆ.

ಡಿಮ್ ಬದಲಿಸುವುದು

ವಿಷದ ಗುರುತು ತಾತ್ಕಾಲಿಕ. ಡಿಮ್ ಬದಲಿಸುವವರೆಗೆ ಕೆಲಸ ಮುಗಿಯಲಿಲ್ಲ. ಎಡ್ಯಾಕ್ ಎಂಬ ಕರ್ನೆಲ್ ಭಾಗ ಯಾವ ಚಾನೆಲ್, ಯಾವ ಸ್ಲಾಟ್ ಎಂದು ಲಾಗ್‌ನಲ್ಲಿ ಹೇಳುತ್ತದೆ. ಡಿಎಂಐಡಿಕೋಡ್ ಕಮಾಂಡ್ ಒಂದೊಂದು ಸ್ಲಾಟಿನ ಸೀರಿಯಲ್ ನಂಬರ್ ಕೊಡುತ್ತದೆ. ಎರಡನ್ನೂ ಹೊಂದಿಸಿ ಮೊದಲೇ ಒಂದು ಪಟ್ಟಿ ಮಾಡಿಟ್ಟುಕೊಳ್ಳಿ. ಬೋರ್ಡಿನ ಮೇಲೆ ಬರೆದ ಹೆಸರು, ಲಾಗ್‌ನಲ್ಲಿ ಬರುವ ಹೆಸರು ಎರಡೂ ಒಂದೇ ಇರುವುದಿಲ್ಲ. ನಾವು ಸ್ಲಾಟ್‌ಗಳ ಪಕ್ಕ ಲಾಗ್‌ನ ಹೆಸರಿನ ಸಣ್ಣ ಚೀಟಿ ಅಂಟಿಸಿದ್ದೇವೆ. ಡಿಮ್ ಬರುವವರೆಗೆ ದಿನ ತಳ್ಳಬೇಕಾದರೆ, ಬೂಟ್ ಹೊತ್ತಿನಲ್ಲೇ ಆ ವಿಳಾಸ ಬಳಸಬೇಡ ಎಂದು ಕರ್ನೆಲ್‌ಗೆ ಹೇಳುವ ಮೆಮ್‌ಮ್ಯಾಪ್ ಎಂಬ ಆಯ್ಕೆ ಇದೆ. ನಾವು ಐದು ದಿನ ಹಾಗೆ ಓಡಿಸಿದೆವು.

ಐದು ದಿನ ಯಾಕೆ ಅಂದರೆ, ಸರಿಯಾದ ಡಿಮ್ ಬೆಂಗಳೂರಿನಿಂದ ಬರಬೇಕಿತ್ತು. ಅದೂ ಜನವರಿಯಲ್ಲಿ, ರಸ್ತೆ ಚೆನ್ನಾಗಿರುವ ಹೊತ್ತಿನಲ್ಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಮಳೆಗಾಲದಲ್ಲಿ ಕೊಡಗಿಗೆ ಒಂದು ಬಿಡಿಭಾಗ ಯಾವತ್ತು ತಲುಪುತ್ತದೆ ಎಂದು ಹೇಳಲಾಗದು. ಹಾಗಾಗಿ ಅದೇ ಅಳತೆ, ಅದೇ ವೇಗದ ಎರಡು ಡಿಮ್‌ಗಳನ್ನು ಜಾಸ್ತಿ ತರಿಸಿ ಇಟ್ಟಿದ್ದೇವೆ. ಆಂಟಿಸ್ಟಾಟಿಕ್ ಕವರಿನಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಜೆಲ್ ಬದಲಿಸುತ್ತೇವೆ.

ಹೊಸ ಡಿಮ್ ಹಾಕಿದ ರಾತ್ರಿ ಮೆಮ್‌ಟೆಸ್ಟ್ ಓಡಿಸಿ ಮನೆಗೆ ಹೋದೆ. ಬೆಳಿಗ್ಗೆ 6 ಗಂಟೆಗೆ ಬಂದು ನೋಡಿದಾಗ ದೋಷ ಸೊನ್ನೆ. ವಿಎಂ ಮೆಮೊರಿಯನ್ನು 40ರಿಂದ ಮತ್ತೆ 48ಕ್ಕೆ ಏರಿಸಿ, 7 ಗಂಟೆಯ ಸಂದೇಶ ಫೋನಿಗೆ ಬಂದ ಮೇಲೆ ತೂಕದ ಮನೆಗೆ ಹೋಗಿ, ಗೇಟ್ ತೆಗೆಯಬಹುದು ಎಂದು ಅಣ್ಣನಿಗೆ ಹೇಳಿದೆ.